ಅವರ ಬಸ್ಸು ಅವರಿಗೆ ವಾಪಸ್ ಸಿಗಲಿ

ಉಡುಪಿಯಿಂದ ಬಂದ ಈ ಪತ್ರ ನನ್ನನ್ನು ಸುಮ್ನೆ ಕೂರಲು ಬಿಡಲಿಲ್ಲ. ಬರೆದವರಿಗೆ 29 ವರ್ಷ. ಬುದ್ಧಿಮಾಂದ್ಯತೆ ಇರುವ ವಯಸ್ಕರ ಡೇ ಕೇರ್ ಕೇಂದ್ರದಲ್ಲಿ ಕೌನ್ಸೆಲರ್. ಅಲ್ಲಿಗೆ ಬರುವವರು ಹೂಬತ್ತಿ ಮಾಡುತ್ತಾರೆ, ಪೇಪರ್ ಕವರ್ ಅಂಟಿಸುತ್ತಾರೆ. ಅವರಲ್ಲಿ ಡೌನ್ ಸಿಂಡ್ರೋಮ್ ಇರುವ 36 ವರ್ಷದ ಒಬ್ಬರು ಪತ್ರ ಬರೆದ ಇವರ ಮಾತು ಬಿಟ್ಟು ಬೇರೆ ಯಾರ ಮಾತೂ ಕೇಳುವುದಿಲ್ಲವಂತೆ. ಬೆಳಿಗ್ಗೆ ಕಾಪುವಿನ ಅವರ ಮನೆಗೆ ಸ್ಕೂಟರಿನಲ್ಲಿ ಹೋಗಿ ಕರೆತರುವುದು ಇವರೇ, ಸಂಜೆ ಬಿಡುವುದೂ ಇವರೇ. ಭಾನುವಾರವೂ ಫೋನ್ ಬರುತ್ತದೆ. ಈಗ ಮಂಗಳೂರಿನಲ್ಲಿ ಒಳ್ಳೆಯ ಸಂಬಳದ ಕೆಲಸ ಸಿಕ್ಕಿದೆ. ‘ನಾನು ಹೋದರೆ ಅವರ ಗತಿಯೇನು? ನಾನು ಸ್ವಾರ್ಥಿಯಾ?’ ಎಂದು ಕೇಳಿದ್ದಾರೆ.

ಅಲ್ಲ. ನೀವು ಹೋಗಿ. ಆ ಪ್ರಶ್ನೆ ಅಲ್ಲಿಗೆ ಮುಗಿಯಿತು.

ನನ್ನನ್ನು ಕಾಡಿದ್ದು ನೀವು ಅವಸರದಲ್ಲಿ ಬರೆದು ದಾಟಿಹೋದ ಒಂದು ಮಾತು. ‘ಮೊದಲು ಒಬ್ಬರೇ ಬಸ್ಸಿನಲ್ಲಿ ಬರುತ್ತಿದ್ದರು. ಒಂದು ದಿನ ಉಡುಪಿಗೆ ಮೊದಲೇ ಉದ್ಯಾವರದಲ್ಲಿ ಇಳಿದು, ಹಿಂದೆ ಬಂದ ಬಸ್ ಹತ್ತಿ ತಡವಾಗಿ ಬಂದರು. ಆಮೇಲೆ ಬಸ್ ಬಿಡಿಸಿದೆವು.’

ಏನು ನಡೆಯಿತು ನೋಡಿ. ಹೈವೇ ಬದಿ. ಎಕ್ಸ್‌ಪ್ರೆಸ್ ಬಸ್ಸುಗಳು ರೊಯ್ಯನೆ ಹೋಗುವ ಜಾಗ. ಇಳಿದದ್ದು ತಪ್ಪಾಯಿತೆಂದು ಅವರಿಗೇ ಗೊತ್ತಾಯಿತು. ಮನೆಗೆ ವಾಪಸ್ ಹೋಗಲಿಲ್ಲ, ಅಲ್ಲೇ ಕೂರಲೂ ಇಲ್ಲ. ಇನ್ನೊಂದು ಬಸ್ ಹತ್ತಿ, ಉಡುಪಿಯಲ್ಲಿ ಇಳಿದು ಕೆಲಸಕ್ಕೆ ಬಂದರು. ನಿದ್ದೆ ಬಂದು ಬೇರೆ ಸ್ಟಾಪಿನಲ್ಲಿ ಇಳಿದ ಬ್ಯಾಂಕ್ ಮ್ಯಾನೇಜರ್ ಕೂಡ ಇದನ್ನೇ ಮಾಡುತ್ತಾರೆ. ಅವರ ಬಸ್ಸನ್ನು ಯಾರೂ ಬಿಡಿಸುವುದಿಲ್ಲ ಅಲ್ವಾ? ಇವರನ್ನು ಭೇಷ್ ಎನ್ನಬೇಕಿತ್ತು. ಶಿಕ್ಷೆ ಕೊಟ್ಟಿರಿ.

ಇದರಲ್ಲಿ ನನಗೆ ಜಾಸ್ತಿ ಸಿಟ್ಟು ಬಂದದ್ದು ನಿಮ್ಮ ಮೇಲ್ವಿಚಾರಕರ ಮೇಲೆ. ‘ನಿಮ್ಮ ಮಾತು ಮಾತ್ರ ಕೇಳ್ತಾರೆ, ನೀವೇ ನೋಡ್ಕೊಳ್ಳಿ’ ಎಂದರಂತೆ. ಒಬ್ಬ ಮನುಷ್ಯನ ಇಡೀ ದಿನವನ್ನು ಒಬ್ಬ ಸಿಬ್ಬಂದಿಯ ಸ್ಕೂಟರಿಗೆ ಕಟ್ಟಿಹಾಕಿ ಕೈತೊಳೆದುಕೊಂಡರು. ನಾಳೆ ನಿಮಗೆ ಜ್ವರ ಬಂದರೆ? ಅವರ ಅತ್ತಿಗೆಗೆ ಕಾಳಜಿಯಿಲ್ಲ ಎಂದು ಅರ್ಧ ಪುಟ ಬರೆದಿದ್ದೀರಿ. ಹಾಸಿಗೆ ಹಿಡಿದ ಅತ್ತೆ, ಇಬ್ಬರು ಮಕ್ಕಳು, ಜೊತೆಗೆ ಮೈದುನನ ಸ್ನಾನ ಊಟ. ಆಕೆಯನ್ನು ಬೈಯಲು ನಾನು ತಯಾರಿಲ್ಲ.

ಈ ಅಂಕಣದಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ: ವಯಸ್ಕರನ್ನು ಕೇಳದೆ ಅವರಿಗೆ ಉಪಕಾರ ಮಾಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಇವರನ್ನು ಎಲ್ಲರಂತೆ ಹಕ್ಕುಳ್ಳ ವ್ಯಕ್ತಿ ಎಂದೇ ನೋಡುತ್ತದೆ. ಬಸ್ ಬೇಕಾ, ಸ್ಕೂಟರ್ ಬೇಕಾ ಎಂದು ಅವರನ್ನು ಯಾರಾದರೂ ಕೇಳಿದಿರಾ? ನಿಮ್ಮ ಪತ್ರದಲ್ಲಿ ಅದಿಲ್ಲ.

ಹಾಗಾಗಿ ಮಾಡಬೇಕಾದ್ದು ಒಂದೇ. ಕೆಲಸ ಬಿಡುವ ಮೊದಲು ಅವರನ್ನು ಕೇಳಿ, ಹೂಂ ಎಂದರೆ ಮತ್ತೆ ಬಸ್ ಹತ್ತಿಸಿ. ಇದನ್ನು ಕೇಂದ್ರದಲ್ಲಿ ಚಿತ್ರ ತೋರಿಸಿ ಕಲಿಸಲು ಆಗುವುದಿಲ್ಲ, ಅದೇ ಬಸ್ಸಿನಲ್ಲಿ, ಅದೇ ಹೊತ್ತಿಗೆ ಕಲಿಸಬೇಕು. ಮೊದಲು ಪಕ್ಕದಲ್ಲಿ ಕೂರಿ. ಆಮೇಲೆ ಹಿಂದಿನ ಸೀಟು. ಆಮೇಲೆ ಉಡುಪಿಯ ಸ್ಟಾಪಿನಲ್ಲಿ ಕಾಯಿರಿ. ಕಂಡಕ್ಟರಿಗೆ ಪರಿಚಯ ಮಾಡಿಸಿ, ಕೇಂದ್ರದ ನಂಬರ್ ಇರುವ ಚೀಟಿ ಜೇಬಿನಲ್ಲಿರಲಿ. ಪ್ರತಿ ಹಂತದಲ್ಲೂ ಇನ್ನೊಬ್ಬ ಸಿಬ್ಬಂದಿ ಜೊತೆಗಿರಲಿ, ಯಾಕೆಂದರೆ ನೀವು ಇರುವುದಿಲ್ಲ. ಹೋಗುವ ತಾರೀಕನ್ನು ನೀವೇ ಅವರಿಗೆ ಹೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಸದ್ದಿಲ್ಲದೆ ಮಾಯವಾಗಬೇಡಿ. ಈಚೆಗೆ ಮಂಕಾಗಿದ್ದಾರೆ ಎಂದಿರಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ತೊಂದರೆ ಜಾಸ್ತಿ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಲು ಮನೆಯವರಿಗೆ ಹೇಳಿ.

‘ಅಮ್ಮನ ನಂತರ ಯಾರು’ ಎಂಬ ಚಿಂತೆ ನೀವು ಹೊರುವಂಥದ್ದಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಕಾನೂನುಬದ್ಧ ಪೋಷಕರ (ಗಾರ್ಡಿಯನ್) ನೇಮಕಕ್ಕೆ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಸಮಿತಿ ಇದೆ. ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಗೆ ಅವರ ಅಣ್ಣ ಹೋಗಿ ವಿಚಾರಿಸಲಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆಯನ್ನೂ ಕೇಳಲಿ.

ಬಸ್ಸಿಗೆ ಮೇಲ್ವಿಚಾರಕರು ಒಪ್ಪದಿದ್ದರೆ ಕಾರಣವನ್ನು ಬರೆದು ಕೊಡಲು ಹೇಳಿ. ಆ ಕಾಗದವನ್ನು ಅಣ್ಣ, ಅತ್ತಿಗೆಯ ಮುಂದೆ, ಬಸ್ ಕಳೆದುಕೊಂಡ ಅವರೂ ಎದುರಿಗಿರುವಾಗಲೇ, ಗಟ್ಟಿಯಾಗಿ ಓದಿ.