ಸಿನಿಮಾ ಪ್ರಶ್ನೋತ್ತರ: ಮೆಲನಿ ಕೋರ್ಟು ಹತ್ತಿದ್ದು

ಪ್ರಶ್ನೆ: ಮಳೆ ಹಿಡ್ಕೊಂಡು ಹೊರಗೆ ಕಾಲಿಡೋ ಹಂಗಿರ್ಲಿಲ್ಲ, ಮನೇಲಿ ಎಲ್ರೂ ಕೂತು ‘ಗಾನ್ ವಿತ್ ದ ವಿಂಡ್’ ನೋಡಿದ್ವಿ. ಅದ್ರಲ್ಲಿ ಮೆಲನಿ ಆಗಿರೋ ಒಲಿವಿಯಾ ಡಿ ಹ್ಯಾವಿಲೆಂಡ್ ಹೆಸರಲ್ಲಿ ಅಮೆರಿಕದಲ್ಲಿ ಕಾನೂನೇ ಇದೆ ಅಂತಾರೆ ನಮ್ಮ ಭಾವ. ಅಷ್ಟು ಪಾಪದ ಹೆಂಗಸು ಕೋರ್ಟು ಹತ್ತಿದ್ದು ಹೌದಾ, ಇಲ್ಲ ಭಾವ ರೈಲು ಬಿಡ್ತಿದಾರಾ?
– ತೀರ್ಥಹಳ್ಳಿಯ ಓದುಗರು

ಉತ್ತರ: ಭಾವ ಈ ಸಲ ಬಿಟ್ಟಿಲ್ಲ ಮಾರಾಯ್ರೆ, ನಿಜಾನೇ. ಪಾಪದವಳು ಮೆಲನಿ, ಒಲಿವಿಯಾ ಅಲ್ಲ. ಆಗಿನ ಹಾಲಿವುಡ್ಡಲ್ಲಿ ಸ್ಟುಡಿಯೋ ಜೊತೆ ಏಳು ವರ್ಷದ ಅಗ್ರಿಮೆಂಟು, ಕೊಟ್ಟ ಪಾತ್ರ ಮಾಡ್ಬೇಕು, ಆಗಲ್ಲ ಅಂದ್ರೆ ಸಸ್ಪೆಂಡು, ಸಂಬಳ ಇಲ್ಲ, ಅದೂ ಸಾಲ್ದು ಅಂತ ಸಸ್ಪೆಂಡಾದ ದಿನಾನೆಲ್ಲ ಅಗ್ರಿಮೆಂಟಿನ ಕೊನೆಗೆ ಸೇರಿಸ್ತಿದ್ರು. ಅಡಿಕೆ ತೋಟ ಏಳು ವರ್ಷ ಚೇಣಿಗೆ ತಗೊಂಡವನು ಕೊಳೆ ಬಂದ ವರ್ಷ ಲೆಕ್ಕಕ್ಕಿಲ್ಲ, ಇನ್ನೊಂದು ಫಸಲು ನಂದೇ ಅಂದ್ರೆ ನೀವು ಬಿಡ್ತೀರಾ?

ಈಯಮ್ಮನ ಸ್ಟುಡಿಯೋ ವಾರ್ನರ್ ಬ್ರದರ್ಸ್‌ನವರು ಇವರನ್ನ ಹೀರೋ ಎರಾಲ್ ಫ್ಲಿನ್ ಪಕ್ಕ ಚಂದದ ಹುಡುಗಿ ಅಂತ ನಿಲ್ಸಿ ನಿಲ್ಸಿ ದುಡ್ಡು ಮಾಡ್ಕೊಂಡ್ರು. ಮೆಲನಿ ಪಾತ್ರ ಸಿಕ್ಕಿದ್ದೂ ಬೇರೆ ನಿರ್ಮಾಪಕ, ಡೇವಿಡ್ ಸೆಲ್ಜ್‌ನಿಕ್, ಎರವಲು ತಗೊಂಡಿದ್ದಕ್ಕೆ. 1943ರಲ್ಲಿ ಏಳು ವರ್ಷ ಮುಗೀತು ಅಂತ ಹೊರಟ್ರೆ ಇನ್ನೂ ಆರು ತಿಂಗಳು ಬಾಕಿ ಇದೆ ಅಂದ್ರು, ಇವರು ಕೇಸು ಹಾಕಿದ್ರು. ಧೈರ್ಯ ನೋಡಿ, 1936ರಲ್ಲಿ ಬೆಟ್ಟಿ ಡೇವಿಸ್ ಅಂಥ ದೊಡ್ಡ ನಟಿನೇ ಇದೇ ಕಂಪನಿ ಎದುರು ಲಂಡನ್ ಕೋರ್ಟಲ್ಲಿ ಸೋತು ವಾಪಸ್ ಬಂದಿದ್ರು. ಏಳು ವರ್ಷಕ್ಕಿಂತ ಜಾಸ್ತಿ ಯಾರನ್ನೂ ಕಟ್ಟಿಹಾಕೋ ಹಂಗಿಲ್ಲ ಅಂತ ಕ್ಯಾಲಿಫೋರ್ನಿಯಾ ಕಾನೂನಲ್ಲಿ ಮೊದಲೇ ಇತ್ತು, ಆ ಏಳು ವರ್ಷ ಕೆಲಸ ಮಾಡಿದ ದಿನದ ಲೆಕ್ಕಾನಾ ಕ್ಯಾಲೆಂಡರ್ ಲೆಕ್ಕಾನಾ ಅನ್ನೋದೇ ತಕರಾರು. 1944ರ ಡಿಸೆಂಬರಲ್ಲಿ ಅಪೀಲು ಕೋರ್ಟೂ ಕ್ಯಾಲೆಂಡರೇ ಅಂತು, ಅದಕ್ಕೇ ಆ ಕಾನೂನಿಗೆ ‘ಡಿ ಹ್ಯಾವಿಲೆಂಡ್ ಲಾ’ ಅಂತ ಹೆಸರು ಬಿತ್ತು. ಕೇಸು ನಡೆಯೋವಾಗ ಯಾವ ಸ್ಟುಡಿಯೋದವರೂ ಕೆಲಸ ಕೊಡ್ಲಿಲ್ಲ, ಫಾರ್ಮಲ್ಲಿದ್ದ ನಟಿ ಮನೇಲಿ ಕೂರ್ಬೇಕಾಯ್ತು. ಆದ್ರೆ ಒಳ್ಳೊಳ್ಳೆ ಪಾತ್ರ ಬಂದಿದ್ದೆಲ್ಲ ಆಮೇಲೇ, ಎರಡು ಆಸ್ಕರೂ ಆಮೇಲಿನ ಸಿನಿಮಾಕ್ಕೇ, 1946ರ ‘ಟು ಈಚ್ ಹಿಸ್ ಓನ್’, 1949ರ ‘ದಿ ಏರೆಸ್’. ಸ್ಟುಡಿಯೋದವರು ಹೇಳ್ದಂಗೆ ಕೇಳ್ಕೊಂಡಿದ್ರೆ ಫ್ಲಿನ್ ಪಕ್ಕದ ಹುಡುಗಿಯಾಗೇ ಉಳೀತಿದ್ರು ಅಂತ ನನ್ನ ಅನಿಸಿಕೆ.

ಪ್ರಶ್ನೆ: ಒಲಿವಿಯಾ ತಮ್ಮ ತಂಗಿ, ನಟಿ ಜೋನ್ ಫಾಂಟೇನ್ ಜೊತೆ ಮಾತೇ ಬಿಟ್ಟಿದ್ರಂತೆ, ಯಾಕೆ?
– ಸಾಗರದ ಓದುಗರು

ಉತ್ತರ: ಅಕ್ಕತಂಗಿ ಜಗಳಕ್ಕೆ ಮೂರನೆಯವರು ಬಾಯಿ ಹಾಕ್ಬಾರ್ದು. 1942ರ ಆಸ್ಕರಿಗೆ ಇಬ್ರೂ ಒಟ್ಟಿಗೇ ನಾಮಿನೇಟ್ ಆಗಿ ತಂಗಿ ಗೆದ್ರು, ಅದೊಂದು ಸಾಕಾಗ್ತದೆ ಬಿಡಿ.

ಪ್ರಶ್ನೆ: ಒಲಿವಿಯಾ ಅವರದ್ದು ಮೊದಲು ಯಾವ ಸಿನಿಮಾ ನೋಡ್ಲಿ? ಬ್ಲ್ಯಾಕ್ ಅಂಡ್ ವೈಟ್ ಅಂದ್ರೆ ನಂಗೆ ನಿದ್ದೆ ಬರುತ್ತೆ.
– ಶಿವಮೊಗ್ಗದ ವಿದ್ಯಾರ್ಥಿನಿ

ಉತ್ತರ: ‘ದಿ ಏರೆಸ್’ ಬ್ಲ್ಯಾಕ್ ಅಂಡ್ ವೈಟೇ, ಆದ್ರೂ ನೋಡಮ್ಮ, ನಿದ್ದೆ ಬರಲ್ಲ. ಸಾಹುಕಾರ ಡಾಕ್ಟರ ಮಗಳು, ಸಂಕೋಚದ ಹುಡುಗಿ, ಚೆಂದದ ಹುಡುಗನೊಬ್ಬ ಹಿಂದೆ ಬೀಳ್ತಾನೆ, ಅವನಿಗೆ ಬೇಕಾಗಿರೋದು ನಿನ್ನ ಆಸ್ತಿ ಅಂತ ಅಪ್ಪನೇ ಮುಖದ ಮೇಲೆ ಹೇಳ್ತಾನೆ. ಮುಂದಿಂದು ಹೇಳಲ್ಲ, ಶುರುವಲ್ಲಿ ನೋಡಿದ ಹುಡುಗಿ, ಕೊನೇಲಿ ಇರೋ ಹೆಂಗಸು ಒಬ್ರೇನಾ ಅನ್ನಿಸುತ್ತೆ ಅಷ್ಟೇ. ‘ದಿ ಸ್ನೇಕ್ ಪಿಟ್’ ಮಾನಸಿಕ ಆಸ್ಪತ್ರೆ ಕಥೆ, ಪರೀಕ್ಷೆ ಮುಗಿದ ಮೇಲೆ ನೋಡು. ಮನೇಲಿ ಚಿಕ್ಕಮಕ್ಕಳಿದ್ರೆ 1938ರ ‘ರಾಬಿನ್ ಹುಡ್’ ಹಾಕು, ಕಲರ್ರೂ ಇದೆ ಕತ್ತಿ ಫೈಟೂ ಇದೆ, ಇಂಗ್ಲಿಷ್ ಅರ್ಥ ಆಗ್ದಿದ್ರೂ ಕೂತು ನೋಡ್ತಾವೆ.