ಸಿಂಗಾಪುರದ ಜನ ಕೊಳಚೆ ನೀರಿನಿಂದ ತಯಾರಾದ ‘ನ್ಯೂವಾಟರ್’ ಒಪ್ಪಿಕೊಂಡದ್ದು ಹೇಗೆ?

ಮೊದಲಿಗೆ, ಅದು ನೇರವಾಗಿ ಮನೆಯ ನಲ್ಲಿಗೆ ಬರುವುದಿಲ್ಲ. ಬಹುಪಾಲು ಹೋಗುವುದು ಕಂಪ್ಯೂಟರ್ ಚಿಪ್ ಕಾರ್ಖಾನೆಗಳಿಗೆ, ದೊಡ್ಡ ಕಟ್ಟಡಗಳ ಎಸಿ ವ್ಯವಸ್ಥೆಗೆ. ಲವಣಾಂಶ ತೀರಾ ಕಡಿಮೆಯಾದ್ದರಿಂದ ಚಿಪ್ ತಯಾರಕರಿಗೆ ಇದು ನಲ್ಲಿ ನೀರಿಗಿಂತ ಅನುಕೂಲ. ಸಣ್ಣ ಪಾಲು ಮಾತ್ರ, ಅದೂ ಮಳೆ ಕಮ್ಮಿಯಾದಾಗ, ಜಲಾಶಯಕ್ಕೆ ಸೇರಿ, ಮತ್ತೊಮ್ಮೆ ಶುದ್ಧಿಯಾಗಿ ಮನೆಗೆ ಬರುತ್ತದೆ. ಹೇಸಿಗೆ ಅರ್ಧ ಕಳೆದದ್ದು ಈ ಸುತ್ತುದಾರಿಯಿಂದಲೇ ಎನ್ನಬಹುದು.

ಸಂಸ್ಕರಿಸಿದ ಕೊಳಚೆ ನೀರು ಮೂರು ಹಂತ ದಾಟಬೇಕು. ಮೈಕ್ರೋಫಿಲ್ಟರ್ ಕಣಗಳನ್ನೂ ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆ. ಆರ್‌ಒ (ರಿವರ್ಸ್ ಆಸ್ಮೋಸಿಸ್) ಪೊರೆ ವೈರಸ್, ಲವಣಗಳನ್ನು. ಕೊನೆಯ ಯುವಿ ಬೆಳಕು ಮುನ್ನೆಚ್ಚರಿಕೆಗೆ.

ಸಿಂಗಾಪುರದ ಬೆಡೋಕ್‌ನಲ್ಲಿ 2000ರಲ್ಲಿ ಪ್ರಾಯೋಗಿಕ ಘಟಕ ಶುರುವಾಯಿತು. ತಜ್ಞರ ಸಮಿತಿ ಸುರಕ್ಷಿತ ಎಂದ ಮೇಲೆಯೇ, 2002ರ ರಾಷ್ಟ್ರೀಯ ದಿನದಂದು ಸಾವಿರಾರು ಜನರಿಗೆ ಬಾಟಲಿ ಹಂಚಿದರು. ಪ್ರಧಾನಿ ಗೋ ಚೋಕ್ ಟಾಂಗ್ ಕೂಡ ಕುಡಿದರು. ‘ತ್ಯಾಜ್ಯ ನೀರು’ ಎನ್ನುವ ಬದಲು ‘ಬಳಸಿದ ನೀರು’ ಎಂದದ್ದೂ ಕೆಲಸ ಮಾಡಿತು. ನೀರಿಗಾಗಿ ಮಲೇಷ್ಯಾದ ಮೇಲಿನ ಅವಲಂಬನೆ (ಒಪ್ಪಂದ 2061ಕ್ಕೆ ಮುಗಿಯುತ್ತದೆ) ಜನರಿಗೆ ಗೊತ್ತೇ ಇತ್ತು.

ಬೇರೆ ದ್ವೀಪಗಳು ಇದನ್ನೇ ನಕಲು ಮಾಡುವ ಮುನ್ನ ತಮ್ಮ ಒಳಚರಂಡಿ ನೋಡಿಕೊಳ್ಳಲಿ. ಮಾಲ್ಟಾದಲ್ಲಿ ಕೊಳವೆಗಳಿಗೆ ಸಮುದ್ರದ ನೀರು ಜಿನುಗಿ ಕೊಳಚೆಯೇ ಉಪ್ಪಾಗುತ್ತದೆ. ಆರ್‌ಒ ಇಲ್ಲದೆ ಅಂಥ ನೀರನ್ನು ಹೊಲಕ್ಕೆ ಬಿಟ್ಟರೆ ಮಣ್ಣು ಕೆಡುತ್ತದೆ. ರೈತನ ನಂಬಿಕೆ ಒಮ್ಮೆ ಹೋದರೆ ಯಾವ ಬಾಟಲಿ ಹಂಚಿದರೂ ಬಾರದು.