ಇಂಗ್ಲಿಷ್ ವಾಕ್ಯವನ್ನು ಕೊನೆಯಿಂದ ಬಿಡಿಸಬೇಡಿ

ಪ್ರಶ್ನೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ಫಸ್ಟ್ ಪಿಯುಸಿ ಸೈನ್ಸ್. ಫಿಸಿಕ್ಸ್ ಪುಸ್ತಕದ ಎರಡು ಪುಟ ಓದೋಕೆ ಒಂದು ಗಂಟೆ ಬೇಕು. ಗೊತ್ತಿಲ್ಲದ ಪ್ರತಿ ಪದದ ಅರ್ಥವನ್ನೂ ಮೊಬೈಲಿನಲ್ಲಿ ನೋಡಿ ಅದರ ಮೇಲೇ ಬರೆದುಕೊಳ್ತೀನಿ. ಪದಗಳ ಅರ್ಥ ಗೊತ್ತಾದ ಮೇಲೂ ವಾಕ್ಯ ಅರ್ಥ ಆಗಲ್ಲ. ಏನು ಮಾಡಲಿ ಮೇಡಂ?
– ವಿದ್ಯಾರ್ಥಿನಿ, ಮಧುಗಿರಿ

ಉತ್ತರ: ಪದಗಳು ಗೊತ್ತಾದರೂ ವಾಕ್ಯ ಅರ್ಥವಾಗುತ್ತಿಲ್ಲ ಎಂದಿದ್ದೀರಿ. ಹಾಗಿದ್ದರೆ ಡಿಕ್ಷನರಿಯಿಂದ ಈ ಕಷ್ಟ ನೀಗುವುದಿಲ್ಲ. ತೊಡಕಿರುವುದು ವಾಕ್ಯದ ಕಟ್ಟಿನಲ್ಲಿ.

ಒಂದು ವಾಕ್ಯ ನೋಡಿ: ‘ದಿ ಫೋರ್ಸ್ ವಿಚ್ ಒಪೋಸಸ್ ದಿ ರಿಲೇಟಿವ್ ಮೋಷನ್ ಬಿಟ್ವೀನ್ ಟೂ ಸರ್ಫೇಸಸ್ ಇನ್ ಕಾಂಟ್ಯಾಕ್ಟ್ ಈಸ್ ಕಾಲ್ಡ್ ಫ್ರಿಕ್ಷನ್.’ ಇದನ್ನೇ ನಿಮ್ಮ ಹಳೆಯ ಪುಸ್ತಕದ ಧಾಟಿಯಲ್ಲಿ ಹೇಳಿದರೆ, ‘ಸಂಪರ್ಕದಲ್ಲಿರುವ ಎರಡು ಮೇಲ್ಮೈಗಳ ನಡುವಿನ ಸಾಪೇಕ್ಷ ಚಲನೆಯನ್ನು ವಿರೋಧಿಸುವ ಬಲಕ್ಕೆ ಘರ್ಷಣೆ ಎನ್ನುತ್ತಾರೆ.’ ಇಂಗ್ಲಿಷಿನಲ್ಲಿ ಬಲ ಎಂಬುದು ಮೊದಲೇ ಬಂತು, ಅದು ಎಂಥ ಬಲ ಎಂಬ ವಿವರ ಆಮೇಲೆ ಬಂತು. ಕನ್ನಡದಲ್ಲಿ ವಿವರವೆಲ್ಲ ಮುಗಿದ ಮೇಲೆ ಬಲ ಕಾಣಿಸುತ್ತದೆ. ಕನ್ನಡ ಮಾಧ್ಯಮದಿಂದ ಬಂದವರು ಅಭ್ಯಾಸಬಲದಿಂದ ‘ಇನ್ ಕಾಂಟ್ಯಾಕ್ಟ್’ವರೆಗೆ ಓಡಿ, ಅಲ್ಲಿಂದ ಹಿಂದಕ್ಕೆ ಬಿಡಿಸುತ್ತಾ ಬರುತ್ತಾರೆ. ಪುಟ್ಟ ವಾಕ್ಯದಲ್ಲಿ ಇದು ನಡೆಯುತ್ತದೆ. ಇಪ್ಪತ್ತೈದು ಪದದ ವಾಕ್ಯದಲ್ಲಿ, ಹಿಂದಕ್ಕೆ ಬಂದು ತಲುಪುವಷ್ಟರಲ್ಲಿ ಅರ್ಧ ಮರೆತುಹೋಗಿರುತ್ತದೆ.

ಪೆನ್ಸಿಲ್ ತೆಗೆದುಕೊಂಡು ಓರೆಗೆರೆ ಹಾಕಿ: ದಿ ಫೋರ್ಸ್ / ವಿಚ್ ಒಪೋಸಸ್ / ದಿ ರಿಲೇಟಿವ್ ಮೋಷನ್ / ಬಿಟ್ವೀನ್ ಟೂ ಸರ್ಫೇಸಸ್ / ಇನ್ ಕಾಂಟ್ಯಾಕ್ಟ್ / ಈಸ್ ಕಾಲ್ಡ್ ಫ್ರಿಕ್ಷನ್. ವಿಚ್, ದಟ್, ಹೂ, ವೆನ್, ಬಿಕಾಸ್, ಬಿಟ್ವೀನ್, ಇನ್ ಇಂಥವು ಬರುವ ಮೊದಲು ಒಂದು ಗೆರೆ, ಮುಖ್ಯ ಕ್ರಿಯಾಪದಕ್ಕೆ ಮೊದಲು ಒಂದು. ಈಗ ಎಡದಿಂದ ಬಲಕ್ಕೆ ಒಂದೊಂದೇ ತುಂಡು ಓದಿ, ನಿಮ್ಮನ್ನೇ ಕೇಳಿಕೊಳ್ಳುತ್ತಾ ಹೋಗಿ. ಬಲ. ಏನು ಮಾಡುತ್ತೆ? ವಿರೋಧಿಸುತ್ತೆ. ಯಾವುದನ್ನು? ಚಲನೆಯನ್ನು. ಎಲ್ಲಿನ ಚಲನೆ? ಎರಡು ಮೇಲ್ಮೈ ನಡುವಿನದು. ಅದಕ್ಕೇನಂತಾರೆ? ಫ್ರಿಕ್ಷನ್. ಇದನ್ನು ಜೋಡಿಸಿ ಚೆಂದದ ಕನ್ನಡ ವಾಕ್ಯ ಮಾಡುವ ಗೋಜಿಗೆ ಹೋಗಬೇಡಿ. ದಿನಕ್ಕೆ ಹತ್ತು ವಾಕ್ಯದಂತೆ ಎರಡು ವಾರ ಗೆರೆ ಹಾಕಿ, ಆಮೇಲೆ ಪೆನ್ಸಿಲ್ ಬಿಟ್ಟುಬಿಡಿ. ಗೆರೆ ಹಾಕುವುದೇ ಚಟವಾದರೆ ಓದು ಮತ್ತೆ ನಿಧಾನವಾಗುತ್ತದೆ.

ಪದದ ಮೇಲೆ ಕನ್ನಡ ಅರ್ಥ ಬರೆಯುವುದನ್ನು ಇವತ್ತೇ ನಿಲ್ಲಿಸಿ. ಮರುದಿನ ಕಣ್ಣು ಕನ್ನಡವನ್ನಷ್ಟೇ ಓದುತ್ತದೆ, ಇಂಗ್ಲಿಷ್ ಪದ ಅಪರಿಚಿತವಾಗಿಯೇ ಉಳಿಯುತ್ತದೆ. ಬರೆಯಲೇಬೇಕೆನಿಸಿದರೆ ಪುಟದ ಅಂಚಿನಲ್ಲಿ, ಪುಟಕ್ಕೆ ಐದು ಪದ ಮೀರದಂತೆ. ಯಾವ ಐದು? ಪಾರಿಭಾಷಿಕ ಪದಗಳನ್ನು ಲೆಕ್ಚರರ್ ಹೇಗೂ ವಿವರಿಸುತ್ತಾರೆ. ಕಾಲಿಗೆ ತೊಡರುವುದು ಚಿಲ್ಲರೆ ಪದಗಳು. ‘ರೆಸ್ಪೆಕ್ಟಿವ್ಲಿ’ ಎಂದರೆ ಅನುಕ್ರಮವಾಗಿ, ಗೌರವಕ್ಕೂ ಅದಕ್ಕೂ ಸಂಬಂಧವಿಲ್ಲ. ‘ಪ್ರೊವೈಡೆಡ್ ದಟ್’ ಎಂದರೆ ‘ಹೀಗಿದ್ದರೆ ಮಾತ್ರ’, ಒದಗಿಸಿದ ಎಂದಲ್ಲ. ‘ಹೆನ್ಸ್’, ‘ಅನ್‌ಲೆಸ್’, ‘ವೇರ್‌ಆ್ಯಸ್’ ಕೂಡ ಇದೇ ಜಾತಿಗೆ ಸೇರಿದವು. ಲೆಕ್ಕ ತಪ್ಪುವುದು ಬಹಳ ಸಲ ಇಲ್ಲೇ.

ಇನ್ನೊಂದು ಅನುಕೂಲ ನಿಮ್ಮ ಕೈಯಲ್ಲೇ ಇದೆ. ಒಂಬತ್ತು, ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ಎರಡೂ ಮಾಧ್ಯಮಕ್ಕೆ ಒಂದೇ. ಚಿತ್ರ, ಉದಾಹರಣೆ, ಲೆಕ್ಕ ಎಲ್ಲ ಅವೇ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಎರಡರ ಪಿಡಿಎಫ್ ಉಚಿತವಾಗಿ ಸಿಗುತ್ತದೆ. ‘ಚಲನೆ’, ‘ಬಲ ಮತ್ತು ಚಲನೆಯ ನಿಯಮಗಳು’ ಈ ಎರಡು ಪಾಠ ಕನ್ನಡದಲ್ಲಿ ಒಮ್ಮೆ ಓದಿ, ಅದೇ ದಿನ ಇಂಗ್ಲಿಷಿನಲ್ಲಿ ಓದಿ. ವಿಷಯ ಮೊದಲೇ ಗೊತ್ತಿರುವುದರಿಂದ ಗಮನವೆಲ್ಲ ಭಾಷೆಯ ಮೇಲಿರುತ್ತದೆ. ಪಿಯು ಪುಸ್ತಕದ ಪಾಠ ಅದಾದ ಮೇಲಿರಲಿ.

ಪ್ರಶ್ನೆ: ಬಿಕಾಂ ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದ್ತಿದ್ದೀನಿ. ಕಾಂಪ್ರಹೆನ್ಷನ್ ಮುಗಿಸೋಕೇ ಆಗ್ತಿಲ್ಲ. ಓದುವಾಗ ಪ್ರತಿ ಪದವನ್ನೂ ಒಳಗೊಳಗೇ ಉಚ್ಚರಿಸ್ತೀನಿ. ಸ್ಪೀಡ್ ರೀಡಿಂಗ್ ಕೋರ್ಸಿಗೆ ಸೇರಲಾ ಸರ್?
– ಕೋಲಾರದ ಓದುಗ

ಉತ್ತರ: ಬೇಡ, ಆ ದುಡ್ಡು ಉಳಿಸಿ. ಒಳದನಿ ಚೆನ್ನಾಗಿ ಓದುವವರಿಗೂ ಇರುತ್ತದೆ. ಇಂಗ್ಲಿಷ್ ತಾಯ್ನುಡಿಯಾದ ದೊಡ್ಡವರೇ ನಿಮಿಷಕ್ಕೆ ಸರಾಸರಿ 240 ಪದದ ಆಸುಪಾಸು ಓದುತ್ತಾರೆ. ಸಾವಿರ ಪದ ಓದಿಸುತ್ತೇವೆ ಎನ್ನುವವರು ಕಲಿಸುವುದು ಪುಟ ತಿರುವುವುದನ್ನು.

ಮೊದಲು ನಿಮ್ಮ ವೇಗ ಅಳೆಯಿರಿ. 300 ಪದದ ಒಂದು ಪ್ಯಾಸೇಜ್, ಮೊಬೈಲಿನ ಸ್ಟಾಪ್‌ವಾಚ್. ಮೂರು ನಿಮಿಷ ಹಿಡಿದರೆ ವೇಗ 100, ಎರಡೇ ನಿಮಿಷವಾದರೆ 150. ನೂರರ ಕೆಳಗಿದ್ದರೆ ಪರೀಕ್ಷೆಯ ಪ್ಯಾಸೇಜ್‌ಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನೂರು ಪದಕ್ಕೆ ಎರಡಕ್ಕಿಂತ ಹೆಚ್ಚು ಹೊಸ ಪದವಿಲ್ಲದ ಸುಲಭ ಬರಹವನ್ನು ದಿನಕ್ಕೆ ಅರ್ಧ ಗಂಟೆ ಓದಿ. ವೇಗ ಹುಟ್ಟುವುದು ಸುಲಭದ್ದನ್ನು ಹೆಚ್ಚು ಓದಿದಾಗಲೇ. ಕಷ್ಟದ್ದನ್ನು ಅಗಿದರೆ ಪದಸಂಪತ್ತು ಒಂದಿಷ್ಟು ಬೆಳೆದೀತು, ವೇಗ ಬರುವುದಿಲ್ಲ.

ನಿಧಾನಕ್ಕೆ ಇನ್ನೊಂದು ಕಾರಣ, ಓದಿದ ಸಾಲಿಗೇ ಕಣ್ಣು ಮತ್ತೆ ಮತ್ತೆ ಮರಳುವುದು. ಒಂದು ಪೋಸ್ಟ್‌ಕಾರ್ಡ್ ಹಿಡಿದು, ಓದಿ ಮುಗಿಸಿದ ಸಾಲುಗಳನ್ನು ಮುಚ್ಚುತ್ತಾ ಕೆಳಗಿಳಿಯಿರಿ. ಬಹಳ ಜನ ಕಾರ್ಡನ್ನು ಓದುವ ಸಾಲಿನ ಕೆಳಗಿಡುತ್ತಾರೆ. ಅದರಿಂದ ಮುಂದಿನ ಸಾಲು ಮುಚ್ಚಿಹೋಗುತ್ತದೆ, ಹಿಂದಿನದು ತೆರೆದೇ ಇರುತ್ತದೆ.

ಬ್ಯಾಂಕ್ ನೇಮಕಾತಿಗೆ ಐಬಿಪಿಎಸ್ ಸಂಸ್ಥೆ ನಡೆಸುವ ಮೊದಲ ಹಂತದ ಪರೀಕ್ಷೆಯಲ್ಲಿ (ಪ್ರಿಲಿಮ್ಸ್) ಇಂಗ್ಲಿಷಿನ 30 ಪ್ರಶ್ನೆಗೆ 20 ನಿಮಿಷ, ಅಂದರೆ ಪ್ರಶ್ನೆಗೆ 40 ಸೆಕೆಂಡ್. ಪ್ರಶ್ನೆಗಳನ್ನು ಮೊದಲು ನೋಡಿಕೊಳ್ಳಿ, ಆಯ್ಕೆಗಳನ್ನು ಓದಬೇಡಿ; ತಪ್ಪು ಆಯ್ಕೆಯೊಂದು ತಲೆಗೆ ಹೊಕ್ಕರೆ ಪ್ಯಾಸೇಜಿನಲ್ಲೂ ಅದೇ ಕಾಣುತ್ತದೆ. ಪ್ಯಾಸೇಜಿನಲ್ಲಿ ‘ಸಮ್’ ಎಂದಿದ್ದು ಆಯ್ಕೆಯಲ್ಲಿ ‘ಆಲ್’, ‘ಓನ್ಲಿ’, ‘ನೆವರ್’ ಬಂದಿದ್ದರೆ ಅನುಮಾನಿಸಿ. ಲೋಕದಲ್ಲಿ ನಿಜವಾಗಿದ್ದು ಪ್ಯಾಸೇಜಿನಲ್ಲಿ ಇಲ್ಲದ ಆಯ್ಕೆಗೆ ಪ್ರಚಲಿತ ವಿದ್ಯಮಾನ ಚೆನ್ನಾಗಿ ಓದಿಕೊಂಡವರೇ ಹೆಚ್ಚಾಗಿ ಬೀಳುತ್ತಾರೆ.

ಪ್ರಶ್ನೆ: ಮಗ ಏಳನೇ ಕ್ಲಾಸು. ಇಂಗ್ಲಿಷ್ ಪಾಠ ಗಟ್ಟಿಯಾಗಿ, ಸರಾಗವಾಗಿ ಓದ್ತಾನೆ. ಏನು ಓದಿದೆ ಅಂದ್ರೆ ಸುಮ್ಮನಾಗ್ತಾನೆ. ನಮಗೆ ಇಂಗ್ಲಿಷ್ ಬರಲ್ಲ. ಮನೆಗೆ ಇಂಗ್ಲಿಷ್ ಪೇಪರ್ ಹಾಕಿಸಲಾ?
– ರೇಷ್ಮೆ ನೂಲು ತೆಗೆಯುವವರು, ಶಿಡ್ಲಘಟ್ಟ

ಉತ್ತರ: ಪೇಪರ್ ಈಗಲೇ ಬೇಡ. ತಲೆಬರಹಗಳ ವ್ಯಾಕರಣವೇ ಬೇರೆ. ‘ಸಿಎಂ ಟು ವಿಸಿಟ್ ಕೋಲಾರ’ ಎಂದರೆ ಇನ್ನು ಮುಂದೆ ಬರುತ್ತಾರೆ ಎಂದು. ‘ಟೂ ಹೆಲ್ಡ್’ ಎಂದರೆ ಇಬ್ಬರ ಬಂಧನ. ಶಾಲೆಯಲ್ಲಿ ಕಲಿತದ್ದಕ್ಕೂ ಇದಕ್ಕೂ ತಾಳೆಯಾಗದೆ ಹುಡುಗ ಗೊಂದಲಕ್ಕೆ ಬೀಳುತ್ತಾನೆ.

ಗಟ್ಟಿಯಾಗಿ ಓದುವಾಗ ಗಮನವೆಲ್ಲ ಉಚ್ಚಾರದ ಮೇಲಿರುತ್ತದೆ. ಮೊದಲು ಮೌನವಾಗಿ ಓದಲಿ, ಅರ್ಥ ಹೇಳಿದ ಮೇಲೆ ಬೇಕಿದ್ದರೆ ಗಟ್ಟಿಯಾಗಿ ಓದಲಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಮಕ್ಕಳ ಕಥೆಗಳು ನಾಲ್ಕು ಹಂತಗಳಲ್ಲಿ ಉಚಿತವಾಗಿವೆ. ವಯಸ್ಸು ನೋಡದೆ ಎರಡನೇ ಹಂತದಿಂದ ಶುರು ಮಾಡಿಸಿ. ಅದೂ ಕಷ್ಟವಾದರೆ ಒಂದನೆಯದು. ದಿನಕ್ಕೊಂದು ಕಥೆ ಸಾಕು. ಓದಿದ ಮೇಲೆ ಕಥೆಯನ್ನು ಕನ್ನಡದಲ್ಲೇ ನಿಮಗೆ ಹೇಳಲಿ. ಸರಿಯಾಗಿ ಹೇಳಿದನೋ, ಚಿತ್ರ ನೋಡಿ ಕಟ್ಟಿದನೋ ಎಂದು ತಿಳಿಯಲು ನಿಮಗೆ ಇಂಗ್ಲಿಷ್ ಬೇಕಿಲ್ಲ. ಅಲ್ಲಿನ ಬಹಳಷ್ಟು ಕಥೆಗಳು ಕನ್ನಡದಲ್ಲೂ ಇವೆ. ಅಂಥದ್ದನ್ನೇ ಆರಿಸಿ, ಅವನು ಓದುವ ಮುಂಚೆ ನೀವು ಕನ್ನಡದಲ್ಲಿ ಓದಿಟ್ಟುಕೊಂಡಿರಿ.